ವಿಮಾನದ ಪಟ್ಟಿಯಲ್ಲಿ ದುಮ್ಮವಾಡದ ಸೊಸೆ

ದುಮ್ಮವಾಡಕ್ಕೆ ಬಂದಿಳಿದ ದಿನ ನಾನು ಮೊದಲು ನೋಡಿದ್ದು ನನ್ನ ಹೆಂಡತಿಯನ್ನು, ಸುಮಾರು ಇಪ್ಪತ್ತು ಅಡಿ ದೂರದಿಂದ. ಅವಳು ಎದುರುಮನೆಯ ಕಟ್ಟೆಯ ಮೇಲೆ ಮೂಗುಬಾಯಿ ಮುಚ್ಚಿಕೊಂಡು ಕೂತಿದ್ದಳು. ನೆರೆ ವೀಕ್ಷಣೆಗೆ ಬಂದ ಮಂತ್ರಿಗಳು ಜನರತ್ತ ಕೈ ಬೀಸುವಂತೆ ನನ್ನತ್ತ ಕೈ ಬೀಸಿದಳು. ನಾನೂ ಬೀಸಿದೆ. ಬೀಸಿದ ಎಡಗೈಯ ಹಿಂಭಾಗದಲ್ಲಿ, ಮತ ಹಾಕಿದಾಗ ಹಚ್ಚುವಂಥ ಶಾಯಿಯಲ್ಲಿ, ಸರ್ಕಾರ ಒತ್ತಿದ ಮುದ್ರೆ ಇತ್ತು. ಇಂಥ ದಿನದವರೆಗೆ ಈ ಪ್ರಾಣಿಯನ್ನು ಹೊರಗೆ ಬಿಡಕೂಡದು ಎಂಬುದು ಅದರ ಸಾರಾಂಶ. ಆಶಾ ಕಾರ್ಯಕರ್ತೆ ಮಹಾದೇವಿ ನನ್ನನ್ನು ಒಳಗೆ ಹೊಗಿಸಿ, ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಓಣಿಯ ಕಡೆಗೆ ತಿರುಗಿ ಘೋಷಿಸಿದಳು: “ಇವ್ರು ವಿಮಾನದಾಗ ಬಂದಾರ. ಏಳು ದಿನ ಯಾರೂ ಸನೇಕ ಹೋಗಬ್ಯಾಡ್ರಿ.”

ವಿಮಾನದಲ್ಲಿ ಬಂದವರನ್ನು ಹಾರ ಹಾಕಿ ಕರೆದುಕೊಂಡು ಹೋಗುವುದನ್ನು ನಾನು ಮೂವತ್ತು ವರ್ಷ ಕಂಡಿದ್ದೇನೆ. ಹಾಳೆ ಅಂಟಿಸಿಕೊಂಡದ್ದು ಮೊದಲ ಸಲ.

ಮೈಸೂರಿನ ಮಿತ್ರರಿಗೆ ಪೂರ್ವವೃತ್ತಾಂತ ಅರಿಕೆ ಮಾಡಬೇಕು. ನನ್ನ ಹೆಂಡತಿ ವಸುಧಾ ಸರ್ಕಾರಿ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ಬಡ್ತಿ ಪಡೆದು ಧಾರವಾಡ ಜಿಲ್ಲೆಯ ಕಲಘಟಗಿ ತಾಲೂಕಿನ ಈ ಊರಿಗೆ ವರ್ಗವಾಗಿ ಬಂದಳು. ನಾನು ಒಂದು ವಿಮಾನ ಕಂಪನಿಯ ಟಿಕೆಟ್ ಕೌಂಟರಿನಿಂದ ಆಗತಾನೆ ನಿವೃತ್ತನಾಗಿದ್ದೆ. ಹೆಂಡತಿಗೆ ವರ್ಗವಾದ ಊರಿಗೆ ಗಂಡ ಗಂಟು ಕಟ್ಟಿಕೊಂಡು ಹೋಗುವುದು ನಮ್ಮ ಬೀದಿಯಲ್ಲಿ ಈಗಲೂ ಸುದ್ದಿಯೇ. ಹೊರಡುವ ಮೊದಲು ಚೆನ್ನೈನಲ್ಲಿದ್ದ ತಂಗಿಯನ್ನು ನೋಡಿಬರೋಣವೆಂದು ನಾಲ್ಕು ದಿನಕ್ಕೆ ಹೋದೆ. ಅಷ್ಟರಲ್ಲಿ ಕೊರೋನಾ ಬಂತು, ಸರ್ಕಾರ ದೇಶದ ಅಷ್ಟೂ ವಿಮಾನಗಳನ್ನು ನೆಲಕ್ಕೆ ಕೂರಿಸಿತು. ನಾಲ್ಕು ದಿನ ಎರಡು ತಿಂಗಳಾಯಿತು. ತಂಗಿಯ ಗಂಡ ನನ್ನ ಎದುರಿಗೇ ಕ್ಯಾಲೆಂಡರ್ ನೋಡಲು ಆರಂಭಿಸಿದರು.

ಕೊನೆಗೆ ವಿಮಾನಗಳು ಮತ್ತೆ ಹಾರಲು ಅಪ್ಪಣೆಯಾಯಿತು. ಅಪ್ಪಣೆಯ ಜೊತೆಗೆ ಬಂದ ನಿಯಮಾವಳಿಯನ್ನು ನಾನು ಊಟ ಬಿಟ್ಟು ಓದಿದೆ. ವೃತ್ತಿದೋಷ. ಟಿಕೆಟ್ಟಿನ ಬೆಲೆ ಇಷ್ಟಕ್ಕಿಂತ ಕೆಳಗೆ ಇಳಿಯಬಾರದು, ಇಷ್ಟಕ್ಕಿಂತ ಮೇಲೆ ಏರಬಾರದು. ಒಬ್ಬರಿಗೆ ಒಂದೇ ಪೆಟ್ಟಿಗೆ. ವಿಮಾನದೊಳಗೆ ಊಟ ಕೊಡಕೂಡದು. ರೋಗವಿಲ್ಲವೆಂದು ಪ್ರಯಾಣಿಕನೇ ಬರೆದುಕೊಡಬೇಕು. ನಡುವಿನ ಸೀಟನ್ನು ಸಾಧ್ಯವಾದಷ್ಟು ಖಾಲಿ ಬಿಡಬೇಕು; ಬಿಡಲಾಗದಿದ್ದರೆ ಅಲ್ಲಿ ಕೂತವರಿಗೆ ಮೈತುಂಬ ನಿಲುವಂಗಿ ಕೊಡಬೇಕು. ‘ಸಾಧ್ಯವಾದಷ್ಟು’ ಎಂಬ ಪದವನ್ನು ವಿಮಾನಯಾನ ಇಲಾಖೆಯ ಸುತ್ತೋಲೆಗಳಲ್ಲಿ ಎಲ್ಲಿ ಕಂಡರೂ ನಾನು ಎದ್ದು ನಮಸ್ಕರಿಸುತ್ತೇನೆ. ಅಷ್ಟು ದಯಾಳುವಾದ ಪದ ಇನ್ನೊಂದಿಲ್ಲ.

ಹೀಗೆ ಹುಬ್ಬಳ್ಳಿಗೆ ಹಾರಿ ಬಂದು, ಏಳು ದಿನ ಅಲ್ಲಿನ ಲಾಡ್ಜಿನಲ್ಲಿ ಸರ್ಕಾರದ ಅತಿಥಿಯಾಗಿದ್ದು, ಇನ್ನೇಳು ದಿನಕ್ಕೆ ಮನೆಗೆ ಬಂದೆ. ವಸುಧಾ ಆ ವಾರದ ಮಟ್ಟಿಗೆ ಎದುರುಮನೆಯ ಗಂಗವ್ವನ ಆಶ್ರಯಕ್ಕೆ ಹೋಗಿದ್ದಳು. ನಾನು ಈ ಊರನ್ನು ಕಲಿತದ್ದು ಕಿಟಕಿಯ ಸರಳುಗಳ ನಡುವಿನಿಂದ.

ನಾವಿದ್ದದ್ದು ಒಬ್ಬ ನಿವೃತ್ತ ಎಂಜಿನಿಯರು ಕಟ್ಟಿಸಿ ಬಾಡಿಗೆಗೆ ಬಿಟ್ಟ ಮನೆ. ಎರಡು ಖೋಲಿ. ಇಲ್ಲಿ ಕೋಣೆಗೆ ಖೋಲಿ ಎನ್ನುತ್ತಾರೆ, ಪಕ್ಕಕ್ಕೆ ಬಾಜೂ ಎನ್ನುತ್ತಾರೆ, ಬಹಳ ಎನ್ನಬೇಕಾದಾಗ ಅಗದಿ ಎನ್ನುತ್ತಾರೆ. ಮಲಗುವ ಖೋಲಿಗೆ ಅಂಟಿಕೊಂಡೇ ಶೌಚಾಲಯವಿತ್ತು. ಇಡೀ ಓಣಿಯಲ್ಲಿ ಈ ವೈಭವ ಇದ್ದದ್ದು ನಮ್ಮ ಮನೆಗೆ ಮಾತ್ರ. ಓಣಿಯವರು ಅದನ್ನು ಎಂಜಿನಿಯರರ ಅಶುಚಿ ಅಭ್ಯಾಸವೆಂದು ಕ್ಷಮಿಸಿದ್ದರು.

ಗಂಗವ್ವನ ಪರಿಚಯ ನನಗಾದದ್ದು ರೊಟ್ಟಿಯ ಮೂಲಕ. ಮೊದಲ ಮಧ್ಯಾಹ್ನ ಅವಳು ಹೊಸ್ತಿಲ ಹೊರಗೆ ಸ್ಟೂಲಿನ ಮೇಲೆ ತಾಟು ಇಟ್ಟು ಹಿಂದೆ ಸರಿದಳು. ತಾಟಿನಲ್ಲಿ ಹಪ್ಪಳದಷ್ಟು ತೆಳ್ಳಗಿನ, ಹಂಚಿನಷ್ಟು ಗಟ್ಟಿಯಾದ ಖಡಕ್ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಪುಡಿ, ಒಂದು ಬಟ್ಟಲು ಸಾರು. ನಮ್ಮ ಕಡೆ ಊಟವೆಂದರೆ ಮೆತ್ತಗಿರುವುದು, ಜಾರುವುದು. ಇಲ್ಲಿ ಊಟ ಎದುರು ನಿಲ್ಲುತ್ತದೆ. ನನ್ನ ಹಲ್ಲುಗಳ ಇತಿಹಾಸವನ್ನು ಯೋಚಿಸಿ ನಾನು ರೊಟ್ಟಿಯನ್ನು ಮುರಿದು ಸಾರಿನಲ್ಲಿ ನೆನೆಹಾಕಿದೆ. ಎದುರುಕಟ್ಟೆಯಿಂದ ಇಡೀ ಓಣಿಗೆ ಕೇಳುವಂತೆ ವರದಿ ಹೋಯಿತು.

“ಟೀಚರವ್ವಾ, ನಿಮ್ಮ ಮನೆಯವ್ರು ರೊಟ್ಟಿ ಮುಳುಗಿಸಿ ಕೊಲ್ಲಾಕ ಹತ್ಯಾರ ನೋಡ್ರಿ.”

“ಅವರ ಕಡೆ ಎಲ್ಲಾನೂ ಹಾಗೇ ಗಂಗವ್ವ. ಮುಳುಗಿಸಿಯೇ ತಿನ್ನೋದು” ಎಂದಳು ನನ್ನ ಹೆಂಡತಿ, ತಾನು ಹುಟ್ಟಿದ್ದು ಬೇರೆ ಖಂಡದಲ್ಲಿ ಎಂಬಂತೆ.

ಗಂಗವ್ವ ಅರವತ್ತರ ಆಸುಪಾಸಿನ ಹೆಂಗಸು. ಮುಂಗಾರಿನ ಬಿತ್ತನೆ ನಡೆದಿದ್ದರಿಂದ ಬೆಳಗ್ಗೆ ಹೊಲಕ್ಕೆ ಹೋಗಿ, ಮಧ್ಯಾಹ್ನಕ್ಕೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದಳು. ನಾನು ವಿಮಾನದ ಮನುಷ್ಯನೆಂದು ತಿಳಿದ ಮೇಲೆ ಅವಳ ಪ್ರಶ್ನೆಗಳಿಗೆ ಕೊನೆಯಿರಲಿಲ್ಲ.

“ಸಾಹೇಬ್ರ, ನಡುವಿನ ಸೀಟ್ ಖಾಲಿ ಬಿಟ್ರ ರೋಗ ದಾಟಿ ಬರಂಗಿಲ್ಲೇನ್ರಿ?”

“ಸರ್ಕಾರದ ನಿಯಮ ಗಂಗವ್ವ.”

“ರೋಗಕ್ಕ ಹೇಳ್ಯಾರಿಲ್ಲೋ?”

ಬಾಜೂಮನೆಯ ಇಮಾಮಸಾಬ ಬಾಡಿಗೆ ಕಾರು ಓಡಿಸುವವನು. ಎರಡು ತಿಂಗಳಿಂದ ಕಾರು ತಾಡಪತ್ರಿ ಹೊದ್ದು ನಿಂತಿತ್ತು. ಅವನೂ ಮಾತಿಗೆ ಬಂದ. “ನಮ್ಮ ಗಾಡ್ಯಾಗ ನಡುವಿನ ಸೀಟ್ ಬಿಟ್ರ, ಗೇರ್ ಮ್ಯಾಲ ಕುಂದರವ ಎಲ್ಲಿ ಹೋಗ್ಬೇಕ್ರಿ?” ಎಂದು ಕೇಳಿದ. ಸುತ್ತೋಲೆಯಲ್ಲಿ ಗೇರಿನ ಮೇಲೆ ಕೂರುವವರ ಪ್ರಸ್ತಾಪ ಇರಲಿಲ್ಲ. ನಾನು ಸೋಲೊಪ್ಪಿಕೊಂಡೆ.

ಇವರ ಕುತೂಹಲಕ್ಕೆ ಕಾರಣವಿತ್ತು. ಗಂಗವ್ವನ ಮಗ ಬಸವರಾಜ ಮಸ್ಕತ್ತಿನಲ್ಲಿ ಗೌಂಡಿ, ಎಂದರೆ ಗಾರೆ ಕೆಲಸದವನು. ಮದುವೆಯಾಗಿ ಎರಡು ವರ್ಷ. ಹೆಂಡತಿ ಸುವರ್ಣಾಳನ್ನು ಹಿಂದಿನ ವರ್ಷ ಅಲ್ಲಿಗೆ ಕರೆಸಿಕೊಂಡಿದ್ದ. ಅವಳೀಗ ಬಸುರಿ. ಏಪ್ರಿಲಿನಲ್ಲಿ ಊರಿಗೆ ಬಂದು, ಚೊಚ್ಚಲ ಹೆರಿಗೆಗೆ ತವರಾದ ಬಮ್ಮಿಗಟ್ಟಿಗೆ ಹೋಗುವುದೆಂದು ನಿಶ್ಚಯವಾಗಿತ್ತು. ಅಷ್ಟರಲ್ಲಿ ವಿಮಾನಗಳು ನಿಂತವು. ಬಸವರಾಜನ ಕೆಲಸವೂ ನಿಂತು, ಬಾಡಿಗೆಯ ಖೋಲಿ ಬಿಟ್ಟು, ಗಂಡ ಹೆಂಡತಿ ಪರಿಚಯದ ಕುಟುಂಬವೊಂದರ ಅಡಿಗೆಮನೆಯಲ್ಲಿ ಮಲಗುತ್ತಿದ್ದರು. ಸರ್ಕಾರ ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ತರಲು ವಿಶೇಷ ವಿಮಾನ ಕಳಿಸುತ್ತಿತ್ತು. ಯಾರನ್ನು ಹತ್ತಿಸಬೇಕೆಂಬ ಪಟ್ಟಿ ಅಲ್ಲಿನ ರಾಯಭಾರ ಕಚೇರಿಯದು. ಬಸುರಿಯರಿಗೆ ಮೊದಲ ಪ್ರಾಶಸ್ತ್ಯ. ಆದರೆ ಮೂವತ್ತೆರಡು ವಾರ ತುಂಬಿದವರನ್ನು ಆ ವಿಮಾನ ಕಂಪನಿ ಹತ್ತಿಸಿಕೊಳ್ಳುತ್ತಿರಲಿಲ್ಲ. ಸುವರ್ಣಾಳಿಗೆ ಮೂವತ್ತೊಂದು ನಡೆಯುತ್ತಿತ್ತು.

ನನ್ನ ವನವಾಸದ ಮೂರನೆಯ ದಿನ ಓಣಿಯಲ್ಲಿ ಗದ್ದಲವೆದ್ದಿತು. ಸುವರ್ಣಾಳ ಟಿಕೆಟ್ಟು ಬಂದಿತ್ತು, ಬಸವರಾಜನದು ಇನ್ನೂ ಬಂದಿರಲಿಲ್ಲ. ಇನ್ನು ಮೂರು ದಿನಕ್ಕೆ ಬೆಂಗಳೂರಿಗೆ ವಿಮಾನ. ಗಂಗವ್ವ ಸ್ಟೂಲಿನ ಮೇಲೆ ಸಕ್ಕರೆ ಇಟ್ಟು ಹೋದಳು. ವಸುಧಾ ಟಿಕೆಟ್ಟಿನ ಚಿತ್ರವನ್ನು ನನ್ನ ಫೋನಿಗೆ ಕಳಿಸಿದಳು. ನೋಡಿ ಸಂತೋಷಪಟ್ಟು ಸುಮ್ಮನಿರುವುದು ಮನುಷ್ಯಧರ್ಮ. ನಾನು ಪಾಸ್‌ಪೋರ್ಟಿನ ಚಿತ್ರವನ್ನೂ ಕೇಳಿದೆ. ಬಸವರಾಜ ಮಸ್ಕತ್ತಿನಿಂದ ಕಳಿಸಿದ. ಎರಡನ್ನೂ ಅಕ್ಕಪಕ್ಕ ಹಿಡಿದೆ. ಟಿಕೆಟ್ಟಿನಲ್ಲಿ ಸುವರ್ಣಾ. ಪಾಸ್‌ಪೋರ್ಟಿನಲ್ಲಿ ರೇಣುಕಾ.

ಕಿಟಕಿಯಿಂದ ಕೇಳಿದೆ: “ಗಂಗವ್ವ, ಈ ರೇಣುಕಾ ಯಾರು?”

“ರೇಣುಕಾನ? ಆಕಿ ಬಮ್ಮಿಗಟ್ಟಿ ನೀಲವ್ವನ ಮಗಳು.”

“ಹಾಗಾದ್ರೆ ಸುವರ್ಣಾ?”

“ನಮ್ಮ ಸೊಸಿ.”

“ನಿಮ್ಮ ಸೊಸೆ ಬಮ್ಮಿಗಟ್ಟಿಯವಳೇ ಅಲ್ವಾ?”

“ಹೌದ್ರಿ. ಆಕೀನ ಈಕಿ.” ಗಂಗವ್ವ ನನ್ನನ್ನು ಕನಿಕರದಿಂದ ನೋಡಿದಳು. “ಬಿಸಲು ಹತ್ತೇತೇನ್ರಿ ನಿಮಗ?”

ನಮ್ಮ ಕಡೆ ಹುಡುಗಿ ಮದುವೆಯಾದರೆ ಹೆಸರಿನ ಬಾಲ ಬದಲಾಗಬಹುದು. ಈ ಕಡೆ ಕೆಲವು ಮನೆತನಗಳಲ್ಲಿ ಹೆಸರೇ ಬದಲಾಗುತ್ತದೆ. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಗಂಡ ಉಂಗುರದ ತುದಿಯಿಂದ ಹೊಸ ಹೆಸರು ಬರೆಯುತ್ತಾನೆ. ಅಲ್ಲಿಂದಾಚೆಗೆ ಅತ್ತೆಯ ಮನೆಯಲ್ಲಿ ಹಳೆಯ ಹೆಸರನ್ನು ಯಾರೂ ಎತ್ತುವುದಿಲ್ಲ. ತವರಿನಲ್ಲಿ ಹೊಸದನ್ನು ಯಾರೂ ಒಪ್ಪುವುದಿಲ್ಲ. ಪಾಸ್‌ಪೋರ್ಟನ್ನು ಶಾಲೆಯ ದಾಖಲೆ ನೋಡಿ ಮಾಡಿಸಿದ್ದರು. ರಾಯಭಾರ ಕಚೇರಿಯ ಅರ್ಜಿಯನ್ನು ಬಸವರಾಜ ತುಂಬಿದ್ದ, ಮನೆಯಲ್ಲಿ ಕರೆದು ರೂಢಿಯಾದ ಹೆಸರಿನಲ್ಲಿ. ಮಸ್ಕತ್ತಿನಿಂದ ಅವನ ದನಿ ಕೇಳಿಸಿತು: “ಎರಡು ವರ್ಷಾತ್ರಿ ಸರ್, ಆ ಹೆಸರು ಬಾಯಾಗ ಬರಂಗಿಲ್ಲ ನನಗ.” ತಪ್ಪು ಅವನದೆನ್ನಲು ನನಗೆ ಮನಸ್ಸಾಗಲಿಲ್ಲ. ಆದರೆ ಅಕ್ಕಿಯ ಮೇಲೆ ಬರೆದ ಹೆಸರನ್ನು ಯಾವ ವಿಮಾನ ಕಂಪನಿಯೂ ಓದುವುದಿಲ್ಲ.

ಇದನ್ನು ನನ್ನಷ್ಟು ಬಲ್ಲವರು ಆ ತಾಲೂಕಿನಲ್ಲಿ ಇರಲಿಲ್ಲ. ಒಮ್ಮೆ ಒಬ್ಬ ವೃದ್ಧರು, ಟಿಕೆಟ್ಟಿನಲ್ಲಿ ಇನಿಷಿಯಲ್ಲು, ಗುರುತಿನ ಚೀಟಿಯಲ್ಲಿ ಪೂರ್ತಿ ಅಪ್ಪನ ಹೆಸರು ಇಟ್ಟುಕೊಂಡು ನನ್ನ ಕೌಂಟರಿಗೆ ಬಂದರು. ಅಣ್ಣನ ಅಂತ್ಯಸಂಸ್ಕಾರಕ್ಕೆ ಹೊರಟಿದ್ದರು. “ನಿಯಮ ನನ್ನದಲ್ಲ ಸ್ವಾಮಿ” ಎಂದೆ. ಅವರು ಜಗಳವಾಡಲಿಲ್ಲ, ಕೈಚೀಲ ಎತ್ತಿಕೊಂಡು ಹೋದರು. ಜಗಳವಾಡಿದವರೆಲ್ಲ ಮರೆತುಹೋಗಿದ್ದಾರೆ; ಅವರ ಕೈಚೀಲದ ಬಣ್ಣ ಈಗಲೂ ನೆನಪಿದೆ.

ಆದ್ದರಿಂದ ಮಸ್ಕತ್ತಿನ ಕೌಂಟರಿನಲ್ಲಿ ಕೂತವನ ಮನಸ್ಸು ನನಗೆ ಚೆನ್ನಾಗಿ ಗೊತ್ತಿತ್ತು. ಅವನಿಗೆ ಕರುಣೆ ಇರುತ್ತದೆ. ಅವನಿಗೆ ಬೇಕಾದದ್ದು ಕಾಗದ. ಸುತ್ತೋಲೆಯ ಪ್ರಕಾರ ಪಟ್ಟಿಯ ಹೊರಗಿನವರನ್ನು ಹತ್ತಿಸಲು ಕಂಪನಿಗೆ ಅಧಿಕಾರವಿಲ್ಲ. ಹೆಸರು ತಿದ್ದಬಲ್ಲದ್ದು ರಾಯಭಾರ ಕಚೇರಿ ಒಂದೇ. ಅವರ ಮುಂದೆ ರೇಣುಕಾ ಮತ್ತು ಸುವರ್ಣಾ ಇಬ್ಬರೂ ಒಬ್ಬಳೇ ಎಂದು ಸಾಬೀತುಮಾಡಬೇಕು, ಅದೂ ಎರಡು ದಿನದಲ್ಲಿ, ಹೊಸ್ತಿಲು ದಾಟದ ಮನುಷ್ಯ.

ನಾನು ಕಿಟಕಿಯಲ್ಲಿ ಕಚೇರಿ ತೆರೆದೆ. ವಸುಧಾ ಬಮ್ಮಿಗಟ್ಟಿಯ ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿದಳು. ಬೀಗ ಹಾಕಿದ ಶಾಲೆಯನ್ನು ಅವರು ತೆರೆಸಿ, ರೇಣುಕಾಳ ದಾಖಲಾತಿಯ ಪುಟದ ಚಿತ್ರ ಕಳಿಸಿದರು. ತವರಿನ ನೀಲವ್ವ ಟ್ರಂಕಿನ ತಳದಿಂದ ಲಗ್ನಪತ್ರಿಕೆ ಹುಡುಕಿಸಿದಳು. ಅದರಲ್ಲಿ ವಧು ರೇಣುಕಾ, ವರ ಬಸವರಾಜ. ಉಳಿದದ್ದು ಪಂಚಾಯತಿಯ ಪ್ರಮಾಣಪತ್ರ. ಅದರ ಕರಡನ್ನು ನಾನು ಇಂಗ್ಲಿಷಿನಲ್ಲಿ, ಎರಡು ಸಾಮ್ರಾಜ್ಯಗಳ ನಡುವಿನ ಒಪ್ಪಂದದ ಧಾಟಿಯಲ್ಲಿ ಬರೆದೆ. ಪಂಚಾಯತಿ ಕಾರ್ಯದರ್ಶಿ ಓಣಿಯ ನಡುವೆ ನಿಂತು, ಅದನ್ನು ಕನ್ನಡಕ್ಕೆ ತಿರುಗಿಸಿ ಗಟ್ಟಿಯಾಗಿ ಓದಿದರು: ರೇಣುಕಾ ಎಂದು ಜನಿಸಿದವಳೂ ಸುವರ್ಣಾ ಎಂದು ಕರೆಯಲ್ಪಡುವವಳೂ ಒಬ್ಬಳೇ ವ್ಯಕ್ತಿ, ಆಕೆಯ ಅಧಿಕೃತ ಹೆಸರು ರೇಣುಕಾ, ಪಟ್ಟಿಯಲ್ಲಿ ಆ ಹೆಸರೇ ಇರತಕ್ಕದ್ದು.

ಇಮಾಮಸಾಬ ಸಾಕ್ಷಿ ಹಾಕಿದ. ಮಹಾದೇವಿ ಹಾಕಿದಳು. ಗಂಗವ್ವ ಮಾತ್ರ ಪೆನ್ನು ಹಿಡಿದು ನಿಂತೇ ಇದ್ದಳು.

“ಹಂಗಾದ್ರ ನಾವು ಇಟ್ಟ ಹೆಸರು ಖರೇ ಅಲ್ಲೇನ್ರಿ?”

ಕಾರ್ಯದರ್ಶಿ ನನ್ನ ಮುಖ ನೋಡಿದರು. ನಾನು ವೃತ್ತಿಯಲ್ಲಿ ಸಾವಿರ ಸಲ ಹೇಳಿದ ವಾಕ್ಯವೇ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

“ಖರೇನೇ ಗಂಗವ್ವ. ವಿಮಾನದವರಿಗೆ ಅದು ಗೊತ್ತಿಲ್ಲ, ಅಷ್ಟೆ.”

ಇಮಾಮಸಾಬ ಸೇರಿಸಿದ: “ಕಾಕೂ, ಸುವರ್ಣಾ ಅಂತ ಹಠಾ ಹಿಡದ್ರ ಸುವರ್ಣಾ ಅಲ್ಲೇ ಉಳೀತಾಳ. ರೇಣುಕಾ ಅಂದ್ರ ಬರ್ತಾಳ. ಯಾರು ಬೇಕು ಹೇಳು ನಿನಗ.”

ಗಂಗವ್ವ ಕಟ್ಟೆಯ ಮೇಲೆ ಕೂತು ಕಾಗದವನ್ನು ತೊಡೆಯ ಮೇಲೆ ಹರಡಿಕೊಂಡಳು. ಮೂರನೆಯ ಇಯತ್ತೆಯವರೆಗೆ ಓದಿದವಳು. ಅಕ್ಷರಗಳನ್ನು ಒಂದೊಂದಾಗಿ ಇಳಿಸಿ ಸಹಿ ಮಾಡಿದಳು. “ಯಾವ ಹೆಸರಿಗ್ಯಾರ ಬರ್ಲಿ,” ಎಂದಳು. “ಬರ್ಲಿ.”

ಕಾಗದಗಳು ಮಸ್ಕತ್ತಿಗೆ ಹೋದವು. ಬಸವರಾಜ ಅವನ್ನು ರಾಯಭಾರ ಕಚೇರಿಗೆ ಕಳಿಸಿದ. ಮರುದಿನವಿಡೀ ಉತ್ತರವಿಲ್ಲ. ಅಲ್ಲಿ ಎಷ್ಟು ಸಾವಿರ ಜನ ಒಂದೇ ಬಾಗಿಲು ಬಡಿಯುತ್ತಿದ್ದರೋ. ಜನ ಹೊಲಕ್ಕೆ ಹೋಗಿ ಓಣಿ ಖಾಲಿಯಾಯಿತು. ಮಳೆ ಬರುವಂತೆ ಕವಿದು, ಬಾರದೆ ಹೋಯಿತು. ಆ ಮಧ್ಯಾಹ್ನದ ಹಾಗೆ ಒಂಟಿತನ ನನ್ನನ್ನು ಮತ್ತೆಂದೂ ಹಿಡಿದಿಲ್ಲ. ಮೈಸೂರಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಎದುರುಮನೆಯವರು ಕಾಫಿಗೆ ಕರೆದಿರುತ್ತಿದ್ದರು ಎಂದುಕೊಂಡೆ. ಆ ಎದುರುಮನೆಯವರ ಸೊಸೆಯ ಹೆಸರು ನನಗೆ ಗೊತ್ತಿಲ್ಲವೆಂಬುದು ಆಮೇಲೆ ಹೊಳೆಯಿತು. ಅಲ್ಲಿ ಇಪ್ಪತ್ತಾರು ವರ್ಷ ಇದ್ದೆ. ಇಲ್ಲಿ ಐದು ದಿನಕ್ಕೆ ಒಬ್ಬಳ ಎರಡೆರಡು ಹೆಸರು ಗೊತ್ತಾಗಿತ್ತು.

ವಿಮಾನದ ದಿನ ಬೆಳಗ್ಗೆ ಹತ್ತಕ್ಕೆ ಸಂದೇಶ ಬಂತು: ಪಟ್ಟಿ ತಿದ್ದಲಾಗಿದೆ. ಎರಡು ತಾಸಿನ ನಂತರ ಬಸವರಾಜ ವಿಮಾನ ನಿಲ್ದಾಣದ ಹೊರಗಿನಿಂದ ಫೋನು ಮಾಡಿದ. ಕೌಂಟರಿನಲ್ಲಿ ಪಂಚಾಯತಿಯ ಕಾಗದವನ್ನು ಎರಡು ಸಲ ಓದಿದರಂತೆ, ಅಲ್ಲಿ ಕೂತವನು ನಕ್ಕನಂತೆ, ಒಳಗೆ ಬಿಟ್ಟನಂತೆ.

“ಸೀಟ್ ಯಾವದಪಾ?” ಎಂದು ಗಂಗವ್ವ ಕೂಗಿ ಕೇಳಿದಳು.

“ನಡುವಿಂದು. ವಿಮಾನ ತುಂಬೈತಂತ. ಬಿಳೀ ನಿಲುವಂಗಿ ಹಾಕ್ಯಾರ ಆಕಿಗೆ.”

‘ಸಾಧ್ಯವಾದಷ್ಟು’ ಎಂಬ ಪದಕ್ಕೆ ಅಂದು ನಾನು ನಿಜವಾಗಿಯೂ ಎದ್ದು ನಿಂತು ನಮಸ್ಕರಿಸಿದೆ.

ಅವಳು ಬೆಂಗಳೂರಿನಲ್ಲಿ ಇಳಿದು, ಪರೀಕ್ಷೆ ಮುಗಿಸಿ, ರೋಗವಿಲ್ಲವೆಂಬ ಚೀಟಿ ಪಡೆಯುವಷ್ಟರಲ್ಲಿ ನನ್ನ ಅವಧಿಯೂ ಮುಗಿಯಿತು. ಬಸುರಿಯೆಂದು ಅವಳಿಗೆ ಲಾಡ್ಜಿನ ವಾಸ ತಪ್ಪಿಸಿ ಮನೆಯಲ್ಲೇ ಹದಿನಾಲ್ಕು ದಿನವಿರಲು ಬಿಟ್ಟಿದ್ದರು. ಯಾವ ಮನೆ ಎಂಬ ಪ್ರಶ್ನೆ ಆಗ ಎದ್ದಿತು. ಪ್ರತ್ಯೇಕ ಖೋಲಿ, ಅದಕ್ಕೇ ಪ್ರತ್ಯೇಕ ಶೌಚಾಲಯ ಇರಲೇಬೇಕೆಂದು ನಿಯಮ. ಬಮ್ಮಿಗಟ್ಟಿಯ ಮನೆಯಲ್ಲಿ ಹನ್ನೊಂದು ಜನ, ಗಂಗವ್ವನ ಮನೆಯಲ್ಲಿ ಎಂಟು. ಶೌಚಾಲಯ ಎರಡು ಕಡೆಯೂ ಹಿತ್ತಲಲ್ಲಿ. ಮಹಾದೇವಿ ನಮ್ಮ ಮನೆಯ ಕಡೆ ನೋಡಿದಳು. ಓಣಿಯೂ ನೋಡಿತು. ನಾನು ಹದಿನಾಲ್ಕು ದಿನಗಳ ದಿಗ್ಬಂಧನ ಮುಗಿಸಿ ನನ್ನ ಸ್ವಂತ ಹೊಸ್ತಿಲು ದಾಟಿ ಆಗಷ್ಟೇ ಒಂದು ತಾಸಾಗಿತ್ತು.

“ದಿಂಬು ತಗೊಂಡು ಬನ್ನಿ” ಎಂದಳು ನನ್ನ ಹೆಂಡತಿ, ಗಂಗವ್ವನ ಕಟ್ಟೆಯಿಂದ.

ಇಮಾಮಸಾಬನ ಕಾರು ಮರುದಿನ ಸಂಜೆ ನಾಲ್ಕಕ್ಕೆ ಬೆಂಗಳೂರಿನಿಂದ ಬಂದು ನಿಂತಿತು. ಹಿಂದಿನ ಸೀಟಿನಿಂದ ಸುವರ್ಣಾ ಒಂದು ಕೈಯಲ್ಲಿ ಬಾಗಿಲು ಹಿಡಿದು, ಇನ್ನೊಂದು ಕೈಯಲ್ಲಿ ಸೊಂಟ ಹಿಡಿದು ಇಳಿದಳು. ಬಮ್ಮಿಗಟ್ಟಿಯಿಂದ ಬಂದಿದ್ದ ನೀಲವ್ವ ಒಂದು ತುದಿಯಿಂದ “ರೇಣೂ” ಎಂದಳು. ಗಂಗವ್ವ ಇನ್ನೊಂದು ತುದಿಯಿಂದ “ಸುವರ್ಣಾ, ಹಗೂರಕ” ಎಂದಳು. ಹುಡುಗಿ ಮೊದಲು ಆ ಕಡೆ ತಿರುಗಿದಳು, ಆಮೇಲೆ ಈ ಕಡೆ. ಇಬ್ಬರ ಹತ್ತಿರವೂ ಹೋಗುವಂತಿರಲಿಲ್ಲ. ನಡುವೆ ನಿಂತು ಅತ್ತಳು. ಮುಂದೆ ಹೆರಿಗೆ ಬಮ್ಮಿಗಟ್ಟಿಯಲ್ಲೇ ಆಯಿತು, ಹೆಣ್ಣು. ತಾಯಿ ಮಗು ಆರಾಮ.

ಮಹಾದೇವಿ ಅರ್ಜಿ ತೆಗೆದಳು. ಇಂಥ ವ್ಯಕ್ತಿ ಇಂಥವರ ಮನೆಯಲ್ಲಿ ಇರುತ್ತಾರೆ ಎಂದು ಮನೆಯವರು ಒಪ್ಪಿ ಬರೆದುಕೊಡಬೇಕು. ನನ್ನ ಹೆಸರು ಹೇಳಿದೆ.

“ಕಾಯಂ ವಿಳಾಸ ಹೇಳ್ರಿ.”

“ಮೈಸೂರು...”

“ಮೈಸೂರಂತ ಬರೀಬ್ಯಾಡವಾ ಮಾದೇವಿ” ಎಂದು ಗಂಗವ್ವ ಅಡ್ಡಬಂದಳು. “ನಾಳೆ ಯಾರರ ಬಂದು, ಮನೆಯವ್ರು ಮೈಸೂರಾಗ ಅದಾರ, ನೀನೂ ಅಲ್ಲಿಗೇ ನಡಿ ಅಂದ್ರ ಏನ್ ಮಾಡೂಣು? ಒಂದ್ ಕಾಗದದಾಗ ಸಾಕಾಗೇತಿ. ಸಾಹೇಬ್ರ, ನೀವು ಇಲ್ಲೇ ಅದೀರಿ. ಇಲ್ಲೇ ಅಂತ ಬರಸ್ರಿ.”

ನಿಯಮದ ಪ್ರಕಾರ ಕಾಯಂ ವಿಳಾಸವೆಂದರೆ ಏನೆಂದು ವಿವರಿಸಬಲ್ಲ ವಿದ್ವತ್ತು ನನಗಿತ್ತು. ದುಮ್ಮವಾಡ ಎಂದು ಬರೆಸಿ ಸಹಿ ಹಾಕಿದೆ. ಹಾಕುವಾಗ, ಯಾರಿಗೂ ಹೇಳದೆ ಮೈಸೂರಿನ ಮನೆಯ ನಲ್ಲಿ ನಿಲ್ಲಿಸಿ ಬಂದ ಹಾಗೆ ಒಂದು ಅಳುಕಾಯಿತು.

ಈಗ ವಸುಧಾ ನಿವೃತ್ತಳಾಗಿದ್ದಾಳೆ, ವಿಮಾನಗಳು ಎಲ್ಲ ಸೀಟು ತುಂಬಿಕೊಂಡು ಹಾರುತ್ತಿವೆ, ನಾವು ಇನ್ನೂ ಇಲ್ಲೇ ಇದ್ದೇವೆ. ಯಾವಾಗ ವಾಪಸು ಬರುತ್ತೀರಿ ಎಂದು ನೀವೆಲ್ಲ ಕೇಳುತ್ತೀರಿ. ಮೈಸೂರಿಗೆ ಬಂದಾಗ ಅನ್ನ ಸಾರು ಉಂಡೆದ್ದ ಮೇಲೂ ಏನೋ ಬಾಕಿ ಉಳಿದಂತೆ ಹಲ್ಲು ಹುಡುಕುತ್ತದೆ. ಇಲ್ಲಿ ನನ್ನ ‘ಬನ್ನಿ, ಹೋಗಿ’ಗಳಿಗೆ ಓಣಿಯ ಮಕ್ಕಳು ಈಗಲೂ ನಗುತ್ತವೆ. ನಿಮಗೆ ಉತ್ತರ ಕೊಡಲು ಹೊರಟಾಗಲೆಲ್ಲ ಅದೇ ಸಂಜೆ ನೆನಪಾಗುತ್ತದೆ.

ಸಹಿ ಹಾಕಿ, ಗಂಗವ್ವನ ಕಟ್ಟೆಯ ಮೇಲೆ ದಿಂಬು ಒರಗಿಸಿಕೊಂಡು ಕೂತೆ. ಚಹಾ ಬಂತು. ನಮ್ಮ ಮನೆಯ ದೀಪವನ್ನು ಸುವರ್ಣಾ ಹಚ್ಚಿದಳು. ನಮ್ಮ ಕಿಟಕಿಗೆ ಬಂದು, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೈಸನ್ನೆಯಲ್ಲಿ ಕೇಳಿದಳು. ವಸುಧಾ ಸನ್ನೆಯಲ್ಲೇ ಹೇಳಿದಳು. ಆಗ ಮೈಸೂರಿನಿಂದ ಅಣ್ಣ ಫೋನು ಮಾಡಿದ.

“ಅಂತೂ ಎಲ್ಲ ಮುಗೀತಂತಲ್ಲೋ. ಈಗ ಮನೇಲಿದ್ದೀಯಾ?”

“ಇಲ್ಲ,” ಎಂದೆ. “ಎದುರಿಗೇ ಕಾಣಿಸ್ತಾ ಇದೆ.”